ಸೋಪಿನ ನೊರೆಯೊಳಗೆ ಕೂತು ಕೇಳಿದ್ದು

ಮೂರ್ನಾಡು,
೧೬ ಜನವರಿ ೧೯೫೮

ಮಗಳೇ ಯಮುನಾ,

ಹಾಸ್ಟೆಲಿನ ಅನ್ನ ಈಗಲಾದರೂ ಗಂಟಲಲ್ಲಿ ಇಳಿಯುತ್ತಿದೆಯೇ? ಮೈಸೂರಿನ ನೀರಿಗೆ ಕೂದಲು ಉದುರುತ್ತದೆಂದು ಬರೆದಿದ್ದೆಯಲ್ಲ, ಅಂದಿನಿಂದ ನಿನ್ನ ಅಮ್ಮ ಕಾಯಿಸಿದ ಎಣ್ಣೆಯ ಸೀಸೆ ಹಿಡಿದುಕೊಂಡು ಆ ಕಡೆ ಹೋಗುವವರನ್ನು ಹುಡುಕುತ್ತಿದ್ದಾಳೆ. ನಾವಿಬ್ಬರೂ ಸುಮಾರಾಗಿದ್ದೇವೆ. ನನ್ನ ಮಂಡಿನೋವು ಚಳಿಯ ಜೊತೆ ಬಂದದ್ದು, ಅದರ ಜೊತೆಗೇ ಹೋಗಬೇಕು. ಆದರೆ ಈ ಕಾಗದ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ.

ಕಿತ್ತಳೆ, ಕರಿಮೆಣಸು ಎರಡೂ ಒಟ್ಟಿಗೆ ಬಂದು ಬೀಳುವ ಕಾಲ. ಅಂಗಡಿಗೆ ಲೆಕ್ಕ ಬರೆಯುವ ರೈಟರ್ ಒಬ್ಬ ಬೇಕೆಂದು ನಿನ್ನೆ ಮೂವರನ್ನು ಬರಹೇಳಿದ್ದೆ. ಅದರಲ್ಲಿ ಬಿಟ್ಟಂಗಾಲದ ಪೂವಯ್ಯನೂ ಒಬ್ಬ. ಹುತ್ತರಿ ಹಬ್ಬ ಕಳೆದ ಮೇಲೆ ಮನೆಗೆ ಬಂದು ನಿನ್ನ ಫೋಟೋ ನೋಡಿ ಒಪ್ಪಿ ಹೋದವ, ಈ ಭಾನುವಾರ ನಿನ್ನನ್ನೇ ನೋಡಲು ಬರಬೇಕಾದವ, ಯಾರಿಗಾಗಿ ಟೀಚರ್ ಟ್ರೈನಿಂಗ್ ಬಿಟ್ಟು ಬಾ ಎಂದು ನಿನಗೆ ಬರೆದಿದ್ದೆನೋ ಅವನೇ. ಅಳಿಯನಾಗುವವನಾದರೂ ತಕ್ಕಡಿಗೆ ಹಾಕದೆ ಒಳಗೆ ಬಿಡಬಾರದೆಂದು ಉಳಿದವರ ಸಾಲಿನಲ್ಲೇ ಕರೆದೆ.

ನನ್ನ ತಕ್ಕಡಿ ಎಲ್ಲಿದೆ ಎಂಬುದು ನಿನಗೂ ಗೊತ್ತಿಲ್ಲ, ಈಗ ಹೇಳುತ್ತೇನೆ. ನನ್ನ ಮೇಜಿನ ಮುಂದೆ ಬಂದು ನಿಂತವರೆಲ್ಲ ಒಳ್ಳೆಯವರೇ. ಬುಟ್ಟಿಯ ಮೇಲ್ಸಾಲಿನ ಕಿತ್ತಳೆ ನೋಡಿ ವ್ಯಾಪಾರ ಮಾಡಿದ್ದರೆ ನಾನು ಇವತ್ತೂ ಕಂಡವರ ಮೂಟೆ ಹೊರುತ್ತಿದ್ದೆ. ಕೆಲಸ ಕೇಳಲು ಬರುವವರು ಬೆಳಗಿನ ಬಸ್ಸಿಳಿದು ಮೊದಲು ಹೋಗುವುದು ಕಣ್ಣನ ಕ್ಷೌರದಂಗಡಿಗೆ. ನಾನು ಬಸ್ಸಿಗಿಂತ ಮೊದಲೇ ಹೋಗಿ, ಕನ್ನಡಕ, ಟೋಪಿ ತೆಗೆದಿಟ್ಟು, ಕುತ್ತಿಗೆಯವರೆಗೆ ಬಟ್ಟೆ ಸುತ್ತಿಸಿಕೊಂಡು, ಕಣ್ಣಿನ ತನಕ ಸೋಪಿನ ನೊರೆ ಹಚ್ಚಿಸಿಕೊಂಡು ಕೂರುತ್ತೇನೆ. ಕಣ್ಣ ಕತ್ತಿ ಮಸೆಯುತ್ತ ಒಂದು ಮಾತು ಎಸೆಯುತ್ತಾನೆ: "ಕೊಡಗು ಮೈಸೂರಿಗೆ ಸೇರಿ ನಮಗೆ ಎಂಥ ಸಿಕ್ಕಿತು?" ಅಷ್ಟು ಸಾಕು, ಬೆಂಚಿನ ಮೇಲೆ ಬೆಂಕಿ ಹತ್ತುತ್ತದೆ. ಯಾರು ಇನ್ನೊಬ್ಬನ ಮಾತು ಮುಗಿಯಲು ಬಿಡುತ್ತಾನೆ, ಯಾರು ಸೋತ ಕೂಡಲೇ ಅಪ್ಪ ಅಮ್ಮನ ತನಕ ಹೋಗುತ್ತಾನೆ, ಎಲ್ಲ ನನಗೆ ಅಲ್ಲೇ ಸಿಗುತ್ತದೆ.

ನಿನ್ನೆ ಮಡಿಕೇರಿಯಿಂದ ಬಂದವನೊಬ್ಬ ಎರಡು ಕಡೆಗೂ ಹೌದೌದು ಎನ್ನುತ್ತಿದ್ದ. ಗಾಳಿಬೀಡಿನ ಸಾಂತಪ್ಪ ಎಂಬವ ಸೊಪ್ಪು ಹಾಕದೆ ವಾದಿಸಿದ, ಆದರೆ ಎದುರಿನವನ ಮಾತು ಪೂರ್ತಿ ಕೇಳಿ ವಾದಿಸಿದ. ನನ್ನನ್ನೂ ಬಿಡಲಿಲ್ಲ: "ಆ ಗುರುವಪ್ಪ ಸಾವ್ಕಾರ್ರು ಕಿತ್ತಳೆ ಸಿಪ್ಪೇನೂ ಲೆಕ್ಕಕ್ಕೆ ಹಿಡೀತಾರಂತೆ. ಸಂಬಳ ಮೊದ್ಲೇ ಮಾತಾಡಿಕೊಳ್ಬೇಕು." ನಗಲು ಹೋಗಿ ನೊರೆ ಬಾಯಿಗೆ ಬಂತು.

ಆಮೇಲೆ ಪೂವಯ್ಯನ ದನಿ ಕೇಳಿಸಿತು. "ನೀವಿಬ್ರೂ ಬಸ್ ಚಾರ್ಜು ದಂಡ ಮಾಡ್ಕೊಂಡ್ರಿ ಮಾರಾಯ್ರೆ. ಮುದುಕನಿಗೆ ಗಂಡು ಮಕ್ಕಳಿಲ್ಲ, ಇರೋದು ಒಂದೇ ಹುಡುಗಿ. ಅವಳನ್ನ ಕಟ್ಕೊಂಡ್ರೆ ಅಂಗಡಿ ಬೋರ್ಡೇ ನಂದು. ಟೀಚರಮ್ಮ ಆಗ್ತಾಳಂತೆ. ಹಿತ್ತಲಲ್ಲಿ ಕೊಳೆತ ಕಿತ್ತಳೆ ಆರಿಸ್ಲಿಕ್ಕೆ ಕೂರಿಸಿದ್ರೆ ಓದಿದ್ದೆಲ್ಲ ಇಳೀತದೆ. ಮುದುಕನಿಗೆ ಜಗಲಿಯಲ್ಲಿ ಒಂದು ಚಾಪೆ, ಎರಡು ಹೊತ್ತು ಗಂಜಿ."

ನಮ್ಮ ಮನೆಯಲ್ಲಿ ಅಮ್ಮನ ಕೈಯ ಕಡುಬು ತಿಂದು, ತಲೆ ಎತ್ತದೆ ಮಾತಾಡಿದ ಅದೇ ಬಾಯಿ, ಮಗಳೇ. ಏಳಲು ಹೋದೆ. ಕಣ್ಣ ನನ್ನ ತಲೆ ಒತ್ತಿ ಹಿಡಿದು, "ಅಲುಗಬೇಡಿ, ಕತ್ತಿ ಕುತ್ತಿಗೆಲಿ ಉಂಟು" ಎಂದ. ಮಡಿಕೇರಿಯವ ನಕ್ಕ. ಸಾಂತಪ್ಪ ನಗಲಿಲ್ಲ. "ಕೆಲ್ಸ ಕೇಳ್ಲಿಕ್ಕೆ ಬಂದವ ಕೆಲ್ಸ ಕೇಳು. ಓದುವ ಹುಡುಗಿ ಮಾತು ಇಲ್ಲಿ ಎಂತಕೆ? ನಿನ್ನ ತಂಗಿ ಬಗ್ಗೆ ಯಾರಾದ್ರೂ ಹೀಗಂದ್ರೆ ಕೇಳ್ತಾ ಕೂರ್ತೀಯಾ?" ಎಂದು, ತನ್ನ ಸರದಿ ಬಿಟ್ಟು, ಗಡ್ಡ ಹೊತ್ತುಕೊಂಡೇ ಎದ್ದು ಹೋದ.

ನಾನು ಅಂಗಡಿಗೆ ಬಂದು ಕೂತೆ. ಪೂವಯ್ಯ ಬಂದ, ಬಗ್ಗಿ ಕಾಲು ಮುಟ್ಟಿದ, "ಅತ್ತೆ ಸೌಖ್ಯವಾ ಮಾವಾ?" ಎಂದ. ತಲೆ ಎತ್ತಿದಾಗ ಅವನ ಕಣ್ಣು ನನ್ನ ಕಿವಿಯ ಮೇಲೆ ನಿಂತಿತು. ಗಡಿಬಿಡಿಯಲ್ಲಿ ಒರೆಸದೆ ಬಿಟ್ಟ ನೊರೆ ಅಲ್ಲೇ ಒಣಗಿ ಕೂತಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಗಂಜಿಗೆ ಉಪ್ಪು ಹಾಕಿಸ್ತೀಯೋ, ಸಪ್ಪೆಯೋ?" ಬಂದ ದಾರಿಯಲ್ಲೇ ಓಡಿದ. ಹೋಗುವ ಭರಕ್ಕೆ ಟೋಪಿಯನ್ನೂ ಬಿಟ್ಟು ಹೋಗಿದ್ದಾನೆ. ನಿನ್ನ ಅಮ್ಮ ಅದನ್ನು ಒಲೆಗೆ ಹಾಕುತ್ತೇನೆ ಎನ್ನುತ್ತಾಳೆ. ಒಳ್ಳೆ ಬಟ್ಟೆ, ಮಸಿ ಪಾತ್ರೆ ಹಿಡಿಯಲಿಕ್ಕಾದೀತು ಎಂದು ತಡೆದಿದ್ದೇನೆ.

ಕೆಲಸ ಸಾಂತಪ್ಪನಿಗೆ ಕೊಟ್ಟೆ. ಸಂಬಳದ ಮಾತಿನಲ್ಲಿ ನನ್ನನ್ನೇ ಸುಸ್ತು ಮಾಡಿದ. ಆದರೆ ರಾತ್ರಿಯಿಡೀ ನಿದ್ರೆ ಬರಲಿಲ್ಲ. ಮುಖ ನೋಡಿ ಒಳಗು ಹೇಳುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗುವವ, ನಾಲ್ಕು ಬುಟ್ಟಿ ಹಣ್ಣಿಗೆ ಇಷ್ಟು ಜಾಗ್ರತೆ ಮಾಡುವವ, ನಿನ್ನನ್ನು ಮಾತ್ರ ಮೇಲ್ಸಾಲು ನೋಡಿಯೇ ಕೊಟ್ಟುಬಿಡುತ್ತಿದ್ದೆ. ಆ ಹುಡುಗ ಮನೆಯಲ್ಲೇ ಕ್ಷೌರ ಮಾಡಿಕೊಂಡು ಬಂದಿದ್ದರೆ ಏನು ಗತಿಯಿತ್ತು ಮಗಳೇ?

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ ಎಂದು ತಿಳಿ.

ನಿನ್ನ ಅಪ್ಪ,
ಗುರುವಪ್ಪ

ಮರೆತಿದ್ದೆ: ಎಣ್ಣೆ ಸೀಸೆ ಒಯ್ಯುವವರು ಸಿಕ್ಕಿದ್ದಾರೆ, ಕಾಗದವನ್ನೂ ಅವರ ಕೈಲೇ ಕೊಡುತ್ತೇನೆ, ಬಸ್ಸು ಹಾರ್ನ್ ಹೊಡೆಯುತ್ತಿದೆ. ಭಾನುವಾರ ಊರಿಗೆ ಬರಬೇಡ. ಟ್ರೈನಿಂಗ್ ಬಿಡುತ್ತೇನೆಂದು ಅರ್ಜಿ ಕೊಟ್ಟಿದ್ದರೆ ಇದನ್ನು ಓದಿದ ಕೂಡಲೇ ಹೋಗಿ ವಾಪಸು ತೆಗೆದುಕೋ. ಅಪ್ಪನ ಮಾತು ಮೀರಿ ಇನ್ನೂ ಕೊಡದೇ ಇದ್ದರೆ, ನನ್ನನ್ನು ಬದುಕಿಸಿದೆ ಮಗಳೇ.