ಹತ್ತಕ್ಕೆ ಹತ್ತು

ನಮ್ಮನೆ, ಅಡುಗೆಮನೆಯ ಮೇಜು
ಬುಧವಾರ ಬೆಳಗ್ಗೆ, ಹನ್ನೊಂದನೇ ತಾರೀಖು

ಪ್ರೀತಿಯ ಅಮ್ಮಾ,

ಕೆಟ್ಟ ಕನಸು ಬಿತ್ತು. ಅದನ್ನು ಹೇಳಿಬಿಟ್ಟು ಆಮೇಲೆ ನಿನ್ನ ಆರೋಗ್ಯ ಕೇಳುತ್ತೇನೆ, ಇಲ್ಲದಿದ್ದರೆ ಅದು ಗಂಟಲಲ್ಲೇ ಕೂತಿರುತ್ತದೆ. ಕನಸಿನಲ್ಲಿ ನಾನು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ. ಮೆಟ್ಟಿಲಿಗೊಂದರಂತೆ ನಮ್ಮ ಬಿಳಿ ಪೆಟ್ಟಿಗೆಗಳು. ಎಲ್ಲದರಲ್ಲೂ ಕೆಂಪು ದೀಪ ಹೊತ್ತಿ ಹೊತ್ತಿ ಆರುತ್ತಿದೆ, ಆದರೆ ಸದ್ದೇ ಇಲ್ಲ. ಜನ ಮಾತಾಡಿಕೊಂಡು ಅವುಗಳನ್ನು ದಾಟಿ ಹೋಗುತ್ತಿದ್ದಾರೆ. ಕೂಗೋಣ ಅಂದರೆ ನನ್ನ ಬಾಯಿಂದಲೂ ಸದ್ದಿಲ್ಲ. ಎಚ್ಚರವಾದಾಗ ದಿಂಬಿನ ಚೀಲವನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ನಿನ್ನ ಸೊಸೆ ನಗಲಿಲ್ಲ. "ಅಮ್ಮಂಗೆ ಒಂದು ಕಾಗದ ಬರೀರಿ, ಇಲ್ಲಾಂದ್ರೆ ನಾಳೆ ಹಾಸಿಗೇನೂ ತಿಂತೀರ" ಅಂದಳು. ಅರ್ಧ ದಿನ ರಜೆ ಹಾಕಿ ಕೂತಿದ್ದೇನೆ.

ಮೊಣಕಾಲು ಹೇಗಿದೆ? ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲಾ ಸೀಸೆಯನ್ನು ಹಾಗೇ ಕಿಟಕಿಯಲ್ಲಿಟ್ಟು ನೋಡುತ್ತಿದ್ದೀಯಾ? ತಂಗಿಗೆ ಸುಸ್ತು ಕಡಿಮೆಯಾಯಿತಾ? ಪಾಪು ತೂಕ ಹಿಡಿಯುತ್ತಿದೆ ಅಂತ ನಿನ್ನ ಅಳಿಯ ಹೇಳಿದರು. ಒಂದು ತಿಂಗಳು ಮುಂಚೆ ಅವಸರ ಮಾಡಿಕೊಂಡು ಬಂದ ಜೀವ, ನಿಧಾನಕ್ಕೆ ಹಿಡಿಯಲಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಈಚೆಗೆ ಎಲ್ಲದಕ್ಕೂ ಹೂಂ ಅನ್ನುತ್ತೀಯ. ಹೋದ ವಾರ ಊಟ ಆಯಿತಾ ಅಂದೆ, ಹೂಂ. ಇನ್ನೂ ಆಗಿಲ್ಲವಾ ಅಂದೆ, ಅದಕ್ಕೂ ಹೂಂ. ಅಲ್ಲಿ ಮಳೆಯಾ ಬಿಸಿಲಾ ಅಂದರೂ ಹೂಂ. ಕಾಗದವಾದರೆ ನಿಧಾನವಾಗಿ ಓದುತ್ತೀಯ, ಬೇಕಾದರೆ ಎರಡು ಸಲ ಓದುತ್ತೀಯ. ಅಳಿಯಂದಿರು ಕೆಲಸದ ಮೇಲೆ ಇಲ್ಲಿಗೆ ಬಂದವರು ನಾಳೆ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ಲಕೋಟೆಗೆ ಅಂಟು ಹಾಕಿದ್ದೇನೆ. ನೀನೇ ಬಿಡಿಸಿ ಓದು, ತಂಗಿಯ ಕೈಯಲ್ಲಿ ಓದಿಸಬೇಡ.

ನನ್ನ ಕೆಲಸ ಏನು ಅಂತ ನೀನು ಹತ್ತು ಸಲ ಕೇಳಿದ್ದೀಯ, ನಾನು ಹತ್ತು ಥರ ಹೇಳಿದ್ದೇನೆ. ಈಗ ಸರಿಯಾಗಿ ಹೇಳುತ್ತೇನೆ. ಪಾಪುವಿನ ಕಾಲಿಗೆ ಕಟ್ಟುವ ಪಟ್ಟಿ, ತೊಟ್ಟಿಲ ಪಕ್ಕದ ಬಿಳಿ ಪೆಟ್ಟಿಗೆ, ಎರಡೂ ನಮ್ಮ ಕಂಪನಿಯವು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಕೆಲವೊಮ್ಮೆ ಉಸಿರಾಡುವುದನ್ನೇ ಮರೆತು ಮಲಗಿಬಿಡುತ್ತವೆ. ಅಂಗಾಲು ತಟ್ಟಿದರೆ ನೆನಪು ಮಾಡಿಕೊಳ್ಳುತ್ತವೆ. ತಟ್ಟುವವರಿಗೆ ಗೊತ್ತಾಗಲಿ ಅಂತ ಪೆಟ್ಟಿಗೆ ಸದ್ದು ಮಾಡುತ್ತದೆ. ಅದರೊಳಗಿನ ಪ್ರೋಗ್ರಾಮನ್ನು ಬೇರೆಯವರು ಬರೆಯುತ್ತಾರೆ. ಅದು ಎಲ್ಲೆಲ್ಲಿ ಕೆಡಬಹುದು ಅಂತ ಹುಡುಕುವುದು ನನ್ನ ಕೆಲಸ. ಕರೆಂಟು ಹೋದರೆ? ಪಟ್ಟಿ ಒದ್ದೆಯಾದರೆ? ಯಾರೋ ಪೆಟ್ಟಿಗೆಯ ಮೇಲೆ ಟವೆಲ್ ಹಾಕಿದರೆ? ಚಿಕ್ಕಂದಿನಿಂದ ನಾನು ಬಿಟ್ಟಿಯಾಗಿ ಮಾಡಿಕೊಳ್ಳುತ್ತಿದ್ದ ಗಾಬರಿಯನ್ನೇ ಇಲ್ಲಿ ಸಂಬಳ ಕೊಟ್ಟು ಮಾಡಿಸುತ್ತಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೇ ಕೆಲಸ ಎಲ್ಲಿ ಸಿಗಬೇಕು ಹೇಳು. ಸುತ್ತ ಕೂತವರೆಲ್ಲ ಡಿಗ್ರಿಯವರು. ಯಾರಾದರೂ ಉದ್ದನೆಯ ಇಂಗ್ಲಿಷಿನಲ್ಲಿ ಮಾತಾಡಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಆದರೆ ಹೊಸ ಪ್ರೋಗ್ರಾಮ್ ಆಫೀಸಿನಿಂದ ಹೊರಗೆ ಹೋಗಬೇಕಾದರೆ, ಅದಕ್ಕೆ ನಮ್ಮಲ್ಲಿ ಬಿಡುಗಡೆ ಅನ್ನುತ್ತಾರೆ, ಕೊನೆಗೆ ಒಂದು ಹಾಳೆಯ ಮೇಲೆ ಪಾಸ್ ಅಂತ ನಾನೇ ಬರೆಯಬೇಕು.

ಸದ್ದಿನ ಹುಚ್ಚು ನನಗೆ ನಿನ್ನಿಂದ ಬಂದದ್ದು. ನೀನು ಹೊಲಿಗೆ ಮಿಷನ್ ತುಳಿಯುತ್ತಾ ಹಾಡುತ್ತಿದ್ದಾಗ ಮಿಷನ್ ಜೋರಾದರೆ ನಿನ್ನ ದನಿ ಕೆಳಗಿಳಿಯುತ್ತಿತ್ತು, ಜೋರಾಗುತ್ತಿರಲಿಲ್ಲ. ಕೇಳಿದರೆ, ಮಿಷನ್ ಮೇಲೆ ಕೂಗ್ತಿದೆ, ನಾನು ಕೆಳಗಡೆಯಿಂದ ಹೋಗ್ತೀನಿ ಅನ್ನುತ್ತಿದ್ದೆ. ಆ ಮಾತು ಈಗ ಎಲ್ಲ ಕಡೆ ನೆನಪಾಗುತ್ತದೆ. ನಮ್ಮ ಬಟ್ಟೆ ಒಗೆಯುವ ಮಿಷನ್ ಕೆಲಸ ಮುಗಿಸಿ ಹಾಡುವ ನಾಲ್ಕು ಸ್ವರದಲ್ಲಿ ಕೊನೆಯದು ಒಂದು ಕೂದಲಿನಷ್ಟು ಇಳಿದಿದೆ. ಲಿಫ್ಟಿನ ಗಂಟೆ ಮೇಲೆ ಹೋಗುವಾಗ ಶ್ರುತಿಯಲ್ಲಿದೆ, ಇಳಿಯುವಾಗ ಇಲ್ಲ. ಬಸ್ಸಿನ ಬಾಗಿಲು ಮುಚ್ಚುವಾಗ ಕೊಡುವ ಸ್ವರವನ್ನು ಹಿಡಿದೇ ನಾನು ಅಪ್ಪನ ಹಳೇ ಮೌತ್ ಆರ್ಗನ್‌ನಲ್ಲಿ ಒಂದು ಹಾಡು ಕಟ್ಟಿದ್ದೇನೆ. ನಿನ್ನ ಸೊಸೆಗೆ ಅದು ಬಾಯಿಪಾಠವಾಗಿದೆ, ಇಷ್ಟವಾಗಿಲ್ಲ. ಹೋದ ಸಲ ನೀನಿಲ್ಲಿದ್ದಾಗಲೂ ನುಡಿಸಿದೆನಲ್ಲ, ನಡುನಡುವೆ ಯಾಕೋ ನಿಲ್ಲಿಸ್ತೀಯ ಅಂತ ನೀನು ಕೇಳಿದೆ. ನಾನು ನಿಲ್ಲಿಸಿರಲಿಲ್ಲ ಅಮ್ಮಾ. ಮೇಲಿನ ಸ್ವರದ ತೂತುಗಳಿಗೆ ಹೋಗಿದ್ದೆ. ಆಗ ಅದನ್ನು ಅಲ್ಲಿಗೇ ಬಿಟ್ಟೆ.

ಈಗ ಆಫೀಸಿನ ವಿಷಯ. ಪೆಟ್ಟಿಗೆಯ ಹಳೇ ಸದ್ದು ಕರ್ಕಶ, ಎದೆ ಒಡೆಯುತ್ತದೆ ಅಂತ ಹೊಸ ತಾಯಂದಿರು ದೂರು ಬರೆದಿದ್ದರು. ಅದಕ್ಕೆ ಇಂಪಾದ, ತೆಳ್ಳಗಿನ ಹೊಸ ಸದ್ದನ್ನು ಮಾಡಿಸಿದರು. ಮಾಡಿದವನು ಸಂಗೀತ ಕಲಿತವನೇ. ಇಡೀ ದಿನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡಿರುತ್ತಾನೆ, ಅದಕ್ಕೇ ನಾವು ಅವನನ್ನು ಹೆಡ್‌ಫೋನ್ ಅಂತಲೇ ಕರೆಯುವುದು. ಸದ್ದು ಚೆನ್ನಾಗಿದೆ, ಸುಳ್ಳು ಹೇಳಬಾರದು. ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗಿದೆ. ಬರುವ ಸೋಮವಾರ ಎಲ್ಲ ಮನೆಗಳ ಪೆಟ್ಟಿಗೆಗೂ ಅದು ತಾನಾಗಿಯೇ ಹೋಗಿ ಕೂರಬೇಕಿತ್ತು. ಪಾಪುವಿನ ಪೆಟ್ಟಿಗೆಗೂ. ಅದೇ ಸೋಮವಾರ ತಂಗಿ ಕೆಲಸಕ್ಕೆ ವಾಪಸು ಹೋಗುವುದು, ಬೆಳಗ್ಗೆಯಿಂದ ಸಂಜೆವರೆಗೆ ಪಾಪುವಿನ ಹತ್ತಿರ ನೀನೊಬ್ಬಳೇ. ನಾನು ಹೊಸ ಸದ್ದನ್ನು ಮನೆಗೆ ತಂದು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಬಾಗಿಲು ಅರ್ಧ ಹಾಕಿ ಕೇಳಿದೆ. ನೀರಿನ ಸದ್ದಿನೊಳಗೆ ಅದು ಕರಗಿಯೇ ಹೋಯಿತು. ಮಿಷನ್ ಮೇಲೆ ಕೂಗುವಾಗ ಕೆಳಗಡೆಯಿಂದ ಹೋಗಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಪಾಸ್ ಬರೆಯುವುದಿಲ್ಲ ಅಂದೆ. ಹೆಡ್‌ಫೋನ್ ಕಿವಿಯಿಂದ ಒಂದು ಬಟ್ಟಲು ಸರಿಸಿ, "ನಿಮ್ಮ ಕಿವೀನೇ ಒಂದ್ಸಲ ತೋರಿಸ್ಕೊಳ್ಳಿ ಸಾರ್" ಅಂದ. ಎಲ್ಲರೂ ನಕ್ಕರು. ನಮ್ಮ ತಂಡದ ಮೇಡಂ ನಗಲಿಲ್ಲ. ನಿನಗೆ ಅನ್ನಿಸಿದ್ದು ಬೇಡ, ಕಾಗದದ ಮೇಲೆ ತೋರಿಸು ಅಂದರು. ಸರಿ, ತೋರಿಸುತ್ತೇನೆ ಅಂತ ಹೊರಟೆ. ಅರವತ್ತು ದಾಟಿದ ಹನ್ನೊಂದು ಜನರನ್ನು ಹಿಡಿದೆ. ಕ್ಯಾಂಟೀನಿನ ಅಡುಗೆಯವರು, ಗೇಟಿನ ವಾಚ್‌ಮನ್, ಜೊತೆಯವರ ಅಪ್ಪ ಅಮ್ಮಂದಿರು, ಹನ್ನೊಂದನೆಯವಳು ನೀನು. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಈ ವಯಸ್ಸಿನವರೇ ತಾನೆ. ಫೋನಿನಲ್ಲಿ ಹತ್ತು ಗುಂಡಿ, ಜೊತೆಗಿರುವವರು ತಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಒಂದೊಂದು ಒತ್ತಿದಾಗ ಒಂದು ಸದ್ದು, ಕೆಲವು ಹಳೆಯವು, ಕೆಲವು ಹೊಸವು. ಕೇಳಿಸಿದರೆ ಹಾಳೆಯ ಮೇಲೆ ಟಿಕ್ಕು, ಕೇಳಿಸದಿದ್ದರೆ ಖಾಲಿ. ನಾನು ಕೆಲಸ ಕಲಿತ ರೇಡಿಯೋ ರಿಪೇರಿ ಅಂಗಡಿಯ ಯಜಮಾನರು ನಿನಗೆ ನೆನಪಿದ್ದಾರಲ್ಲ. ಗಿರಾಕಿ ಎದುರಿಗೆ ಸ್ಕ್ರೂ ತಿರುಗಿಸಿದ ಹಾಗೆ ಮಾಡಿ, ಏನೂ ಮುಟ್ಟದೆ, ಈಗ ಹೇಗಿದೆ ಅಂತ ಕೇಳುತ್ತಿದ್ದರು. ಆಹಾ ಈಗ ಸರಿಹೋಯ್ತು ಅಂದವರ ಮಾತನ್ನು ಆಮೇಲೆ ಅವರು ನಂಬುತ್ತಲೇ ಇರಲಿಲ್ಲ. ಅಲ್ಲಿ ನಾನು ಬೆಸುಗೆ ಹಾಕುವುದಕ್ಕಿಂತ ಹೆಚ್ಚಾಗಿ ಕಲಿತದ್ದು ಅದನ್ನೇ.

ನಿನ್ನೆ ಮಂಗಳವಾರ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಹತ್ತು ಜನರಲ್ಲಿ ಏಳು ಜನಕ್ಕೆ ಹೊಸ ಸದ್ದು ಒಂದು ಸಲವೂ ಕೇಳಿಸಿಲ್ಲ. ಹನ್ನೊಂದನೆಯದು ನಿನ್ನ ಹಾಳೆ, ಗುಂಡಿ ಒತ್ತಿದ ತಂಗಿಯೇ ಫೋಟೋ ತೆಗೆದು ಕಳಿಸಿದ್ದಳಲ್ಲ, ಅದು. ಹೆಡ್‌ಫೋನ್ ಅದನ್ನೇ ಎತ್ತಿ ಹಿಡಿದ. "ಇವರ ತಾಯಿಯವರೇ ಹತ್ತಕ್ಕೆ ಹತ್ತು ಹಾಕಿದಾರೆ ಮೇಡಂ, ಕೇಳೋರಿಗೆ ಕೇಳ್ಸತ್ತೆ." ನಾನು ಆ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ. ಇದು ಲೆಕ್ಕಕ್ಕೆ ಬೇಡ, ನಮ್ಮಮ್ಮನ ಹಾಳೆ, ಬಿಡಿ ಅಂದೆ. ಯಾಕೆ ಅಂತ ಮೇಡಂ ಕೇಳಿದರು. ಉಳಿದ ಹತ್ತು ಹಾಳೆ ಸಾಕು ಮೇಡಂ ಅಂದೆ. ಆಮೇಲೆ ಬಿಡುಗಡೆ ಹಾಳೆಯ ಮೇಲೆ ಫೇಲ್ ಅಂತ ದಪ್ಪಕ್ಕೆ ಬರೆದು ಕೆಳಗೆ ಸಹಿ ಹಾಕಿದೆ. ಏಳು ವರ್ಷದಲ್ಲಿ ಇಡೀ ಬಿಡುಗಡೆಗೆ ನಾನು ಹಾಗೆ ಬರೆದದ್ದು ಇದೇ ಮೊದಲು. ಕೆಲಸ ಹೋದರೆ ರೇಡಿಯೋ ರಿಪೇರಿ ಇದ್ದೇ ಇದೆ, ಈಗ ಯಾರ ಮನೆಯಲ್ಲೂ ರೇಡಿಯೋ ಇಲ್ಲ ಅನ್ನುವುದು ಬೇರೆ ಮಾತು. ಮೇಡಂ ಹಾಳೆಗಳನ್ನು ಒಂದೊಂದಾಗಿ ಎರಡು ಸಲ ನೋಡಿದರು. ಹೊಸ ಸದ್ದು ಸೋಮವಾರ ಹೋಗಲ್ಲ, ತಗ್ಗು ಸ್ವರದಲ್ಲಿ ಇನ್ನೊಂದು ಮಾಡಿಸ್ತೀನಿ ಅಂದರು. ಹೆಡ್‌ಫೋನ್ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಆದರೆ ಸಂಜೆ ಹೊರಡುವಾಗ ಅವನು ಕೈತೊಳೆಯುವ ನಲ್ಲಿ ಬಿಟ್ಟುಕೊಂಡು, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ನಿಂತಿದ್ದನ್ನು ಕಂಡೆ.

ಗೆದ್ದೆ ಅಂತ ನಿಶ್ಚಿಂತೆಯಾಗಿ ನಿದ್ದೆ ಮಾಡಬೇಕಿತ್ತು. ಕನಸು ಬಿದ್ದದ್ದು ಆಮೇಲೆ. ಹೀಗೆ ಕೂತಾಗ ಆ ಲೆಕ್ಕದ ಪರೀಕ್ಷೆ ನೆನಪಾಗುತ್ತದೆ. ಖಾಲಿ ಬಿಟ್ಟರೆ ಮೇಷ್ಟ್ರು ಏನಂದಾರೋ ಅಂತ ಹೆದರಿ ಗೊತ್ತಿಲ್ಲದ್ದಕ್ಕೆಲ್ಲ ಬಾಯಿಗೆ ಬಂದ ಉತ್ತರ ತುಂಬಿ ಬಂದಿದ್ದೆ. ಬೆತ್ತದ ಬರೆ ನೋಡಿದ ನೀನು ಬೈಯಲಿಲ್ಲ. "ಗೊತ್ತಿಲ್ದೇ ಇದ್ರೆ ಖಾಲಿ ಬಿಡು ಮಗಾ. ಖಾಲಿ ಇದ್ರೆ ಹೇಳಿಕೊಡೋಕೆ ಜಾಗ ಇರತ್ತೆ" ಅಂದೆ. ನನ್ನ ಅರ್ಧಂಬರ್ಧ ಓದಿನಲ್ಲಿ ಪೂರ್ತಿ ತಲೆಗೆ ಹತ್ತಿದ ಪಾಠ ಅದೊಂದೇ.

ನಿನ್ನ ಸೊಸೆ ನಿನಗೆ ನಮಸ್ಕಾರ ಹೇಳಿದ್ದಾಳೆ, ನೀನು ಹೆಣೆದುಕೊಟ್ಟ ಸ್ವೆಟರ್ ಈಗ ಅವಳದು, ನನ್ನದಲ್ಲ. ತಂಗಿಗೆ ಊಟ ಬಿಡಬೇಡ ಅನ್ನು. ಪಾಪುವಿನ ಎರಡು ಅಂಗಾಲಿಗೂ ನನ್ನದೊಂದೊಂದು ಮುತ್ತು, ಪಟ್ಟಿ ಸರಿಸಿ ಕೊಡು, ಮತ್ತೆ ಕಟ್ಟುವುದನ್ನು ಮರೆಯಬೇಡ. ನಿನ್ನ ಮೊಣಕಾಲು ನೂರು ಮೆಟ್ಟಿಲು ಹತ್ತುವಂತಾಗಲಿ.

ನಿನ್ನ
ಗಾಬರಿ ಗುಂಡ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹತ್ತು ಗುಂಡಿಗಳಲ್ಲಿ ಮೂರನೆಯದು ಮತ್ತು ಎಂಟನೆಯದರಲ್ಲಿ ಸದ್ದೇ ಇಲ್ಲ ಅಮ್ಮಾ. ಯಜಮಾನರು ತಿರುಗಿಸದ ಸ್ಕ್ರೂ ಇದ್ದ ಹಾಗೆ, ಬೇಕೆಂದೇ ಖಾಲಿ ಇಟ್ಟಿದ್ದೆ. ಎರಡಕ್ಕೂ ನೀನು ಟಿಕ್ಕು ಹಾಕಿದ್ದೀಯ. ಅತ್ತೆ ಗುಂಡಿ ಒತ್ತೋ ಇವಳ ಹೆಬ್ಬೆರಳನ್ನೇ ನೋಡ್ತಾ ಕೂತಿದ್ರು ಅಂತ ಮೊನ್ನೆ ನಿನ್ನ ಅಳಿಯ ನಗುತ್ತಾ ಹೇಳಿದರು, ಅವರಿಗೆ ಏನೂ ಗೊತ್ತಿಲ್ಲ. ನಾನು ಸೋಲಬಾರದು ಅಂತ ಹಾಕಿದೆಯೋ, ಕೇಳಿಸಲ್ಲ ಅಂದರೆ ಪಾಪುವನ್ನು ನಿನ್ನ ಕೈಗೆ ಬಿಡುವುದಿಲ್ಲ ಅಂತ ಹಾಕಿದೆಯೋ, ಎರಡಕ್ಕೂ ನನಗೆ ಕೋಪವಿಲ್ಲ. ಪಾಪುವನ್ನು ಬಿಡುತ್ತಾರೆ. ಸದ್ದಿನ ಜೊತೆಗೆ ಅದುರುವ ಕೈಪಟ್ಟಿ ನಮ್ಮಲ್ಲಿದೆ, ಒಂದನ್ನು ಅಳಿಯಂದಿರ ಚೀಲದಲ್ಲಿಟ್ಟಿದ್ದೇನೆ. ಕಿವಿ ಡಾಕ್ಟರ ಹತ್ತಿರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಇಪ್ಪತ್ತಕ್ಕೆ ರಜೆ ಹಾಕಿಯಾಗಿದೆ. ತಂಗಿಗೆ ಶನಿವಾರದೊಳಗೆ ನೀನೇ ಹೇಳು. ನೀನು ಹೇಳದಿದ್ದರೆ ಭಾನುವಾರ ನಾನು ಹೇಳುತ್ತೇನೆ, ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಹೊಸ ಸದ್ದು ಬಿಡು, ಅದನ್ನು ನಿಲ್ಲಿಸಿಯಾಯಿತು. ಈಗ ಪೆಟ್ಟಿಗೆಯಲ್ಲಿರುವ ಹಳೇ ಸದ್ದು, ಅದೊಂದನ್ನು ಮತ್ತೆ ನೋಡು. ಪೆಟ್ಟಿಗೆ ತೊಟ್ಟಿಲ ಹತ್ತಿರವೇ ಇರಲಿ, ತಂಗಿ ಅದರ ಸದ್ದು ಮಾಡಿಸಲಿ. ನೀನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಅವಳಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ನಿಲ್ಲು. ಕೇಳಿಸಿದರೆ ಟಿಕ್ಕು. ಕೇಳಿಸದಿದ್ದರೆ ಖಾಲಿ ಬಿಡು ಅಮ್ಮಾ.