ಇಪ್ಪತ್ತೇಳನೆಯ ಪುಟದ ಅಕ್ಕ

ತಮ್ಮಾ,

ನಿನ್ನ ಹೆಸರು ಬರೆದು ಆಮೇಲೆ ಹೊಡೆದುಹಾಕಿದೆ. ಮುಖಪುಟಗಳ ಮೇಲೆ ನೋಡಿ ನೋಡಿ ಅದು ಯಾರದೋ ಹೆಸರಿನಂತಾಗಿದೆ. ತಮ್ಮಾ ಅಂತಲೇ ಇರಲಿ.

ನೀನು ಕಳಿಸಿದ ಲಕೋಟೆ ಬಂದು ಹನ್ನೊಂದು ದಿನವಾಯಿತು. ಒಪ್ಪಿಗೆ ಕೇಳಿದ್ದೀಯ. ಉತ್ತರ ಕೊನೆಯಲ್ಲಿದೆ. ಅದಕ್ಕೆ ಮುಂಚೆ ಇಷ್ಟು ವರ್ಷ ನಾನು ನುಂಗಿಕೊಂಡದ್ದನ್ನು ಓದು.

ನಿನ್ನ ಸೂಪರ್‌ಹೀರೋ ಚಿತ್ರಕಾದಂಬರಿಗೆ ಇಪ್ಪತ್ತೈದು ವರ್ಷ ತುಂಬಿತಂತೆ. ಅದರ ಇಪ್ಪತ್ತೇಳನೆಯ ಪುಟದಲ್ಲಿ ಹನ್ನೊಂದು ವರ್ಷದ ಹುಡುಗನ ಮುಖಕ್ಕೆ ಅವನ ಅಕ್ಕ ಬಾಗಿಲು ಹಾಕುತ್ತಾಳೆ. ಅವನು ರಾತ್ರಿಯಿಡೀ ಮೆಟ್ಟಿಲ ಮೇಲೆ ನಡುಗುತ್ತ ಕೂತು, ಬೆಳಗಾಗುವಷ್ಟರಲ್ಲಿ ಹಾರಲು ಕಲಿತಿರುತ್ತಾನೆ. ಆಮೇಲೆ ಊರನ್ನೆಲ್ಲ ಕಾಪಾಡುತ್ತಾನೆ. ಅಕ್ಕ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ನೀನು ಮರೆತೆ, ನಿನ್ನ ಓದುಗರು ಮರೆಯಲಿಲ್ಲ. ನಿನ್ನ ಖಳನಾಯಕ ಅರ್ಧ ಊರು ಸುಡುತ್ತಾನೆ; ಅವನ ಮುಖವಿರುವ ಅಂಗಿ ತೊಟ್ಟು ಹುಡುಗರು ತಿರುಗುತ್ತಾರೆ. ಶಾಪವೆಲ್ಲ ಅಕ್ಕನಿಗೆ.

ಸಿನಿಮಾ ಬಂದಾಗ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಅವರು ಗುಡುಗು, ಮಿಂಚು, ಜಡಿಮಳೆ ಎಲ್ಲ ಸೇರಿಸಿದ್ದರು. ಬಾಗಿಲು ಬಡಿದ ಸದ್ದಿಗೆ ನನ್ನ ಹಿಂದಿನ ಸಾಲಿನ ಹೆಂಗಸು, "ಇವಳ ಕೈ ಸೇದಿಹೋಗ" ಅಂದಳು. ಕತ್ತಲಲ್ಲಿ ನಾನು ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ಆಮೇಲೆ ಬಂದ ಸೀರಿಯಲ್ಲಿನಲ್ಲಿ ಹುಡುಗ ಮೂರು ದಿನ ಹೊರಗೇ ಇರುತ್ತಾನೆ. ಅಲ್ಲಿ ಅಕ್ಕನಿಗೆ ಒಬ್ಬ ಪ್ರಿಯಕರ, ಅವನು ಕೈಕೊಟ್ಟ ದುಃಖ. ಆಗ ನಿನ್ನ ಹಳೇ ಓದುಗರು ಸಿಡಿದೆದ್ದರು. ಅವರು ಬರೆದದ್ದನ್ನೆಲ್ಲ ಫೋನಿನಲ್ಲಿ ಓದಿದೆ. "ಪುಸ್ತಕದ ಅಕ್ಕನಿಗೆ ಕಾರಣವೇ ಇರಲಿಲ್ಲ, ಅದೇ ಅದರ ಗತ್ತು. ಕಾರಣ ಕೊಟ್ಟು ಕೆಡಿಸಿಬಿಟ್ಟರು" ಅಂತ ಒಬ್ಬ ಬರೆದಿದ್ದ. ಅದನ್ನು ಮೆಚ್ಚಿದವರು ಸಾವಿರಾರು.

ಕಾರಣ ಇತ್ತಲ್ಲ, ತಮ್ಮಾ.

ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಡೆ ಇಲ್ಲ. ನನಗೆ ಹತ್ತೊಂಬತ್ತು. ನರ್ಸಿಂಗ್ ಶಾಲೆಯ ಸಂದರ್ಶನ ಅವತ್ತು ಎರಡು ಗಂಟೆಗೆ. ಶನಿವಾರ, ನಿನಗೆ ಅರ್ಧ ದಿನ ಶಾಲೆ. "ಹನ್ನೆರಡಕ್ಕೆ ಸೀದಾ ಮನೆಗೆ ಬಾ, ಮೇಲಿನ ಮನೆ ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ" ಅಂತ ಮೂರು ಸಲ ಹೇಳಿದ್ದೆ. ನೀನು ತಲೆಯಾಡಿಸಿದ್ದೆ. ಒಂದಾಯಿತು, ಎರಡಾಯಿತು. ಇಸ್ತ್ರಿ ಮಾಡಿಟ್ಟ ಬಟ್ಟೆಯಲ್ಲೇ ಬೀದಿ ಬೀದಿ ಅಲೆದೆ. ಕೆರೆಯಂಚಿಗೂ ಹೋಗಿ ನೀರನ್ನು ನೋಡಿಬಂದೆ. ನಾಲ್ಕಕ್ಕೆ ನೀನು ಬಂದೆ, ಕೈಯಲ್ಲಿ ಸುರುಳಿ ಸುತ್ತಿದ ಕಾಮಿಕ್ಸು. "ಪುಸ್ತಕದಂಗಡೀಲಿ ಹತ್ತು ನಿಮಿಷ ಓದ್ತಾ ಕೂತಿದ್ದೆ, ಅಷ್ಟೇ ಅಕ್ಕಾ."

ಹೌದು, ಬಾಗಿಲು ಹಾಕಿದೆ. ನಿನ್ನ ಮುಖಕ್ಕೇ ಹಾಕಿದೆ. ಅದಕ್ಕೆ ಇವತ್ತಿಗೂ ಸಬೂಬು ಹೇಳುವುದಿಲ್ಲ. ಒಳಗೆ ನೆಲದ ಮೇಲೆ ಕೂತು ಅತ್ತೆ. ನೀನು ಊಟ ಮಾಡಿಲ್ಲ ಅಂತ ನೆನಪಾದಾಗ ಎದ್ದು ತೆಗೆದೆ. ನಾಲ್ಕೂವರೆಯೂ ಆಗಿರಲಿಲ್ಲ, ಮೆಟ್ಟಿಲ ಮೇಲೆ ಬಿಸಿಲಿತ್ತು. ನೀನು ಅದೇ ಕಾಮಿಕ್ಸು ಓದುತ್ತ ಕೂತಿದ್ದೆ, ತಲೆಯನ್ನೂ ಎತ್ತಲಿಲ್ಲ.

ಆ ಅರ್ಧ ಗಂಟೆ ನಿನ್ನ ಕೈಯಲ್ಲಿ ಒಂದು ರಾತ್ರಿಯಾಯಿತು, ಸೀರಿಯಲ್ಲಿನವರ ಕೈಯಲ್ಲಿ ಮೂರು ದಿನವಾಯಿತು. ಇನ್ನೊಂದು ಲೆಕ್ಕ ಹೇಳಲೇ? ಪುಸ್ತಕದಲ್ಲಿ ನಿನ್ನ ನಾಯಕ ಒಂಬತ್ತು ಸಲ ಊಟ ಮಾಡುತ್ತಾನೆ. ತಟ್ಟೆಯಿಂದ ಹಬೆ ಏಳುವುದನ್ನೂ ಎಷ್ಟು ಚೆನ್ನಾಗಿ ಬರೆದಿದ್ದೀಯ! ಅಡುಗೆ ಮಾಡಿದವರು ಒಂದು ಚೌಕದಲ್ಲೂ ಇಲ್ಲ. ಯಾರು ಮಾಡಿದರು ಅಂತ ಒಬ್ಬ ಓದುಗನೂ ಕೇಳಿಲ್ಲ.

ಇದನ್ನೂ ಸಹಿಸಿಕೊಂಡಿದ್ದೆ, ಆ ಅಕ್ಕ ನಾನೇ ಅಂತ ಯಾರಿಗೂ ಗೊತ್ತಿರಲಿಲ್ಲವಲ್ಲ. ಕಳೆದ ವರ್ಷ ಟಿವಿಯಲ್ಲಿ ನೀನೇ ನಗುತ್ತ ಹೇಳಿಬಿಟ್ಟೆ: "ಅವಳು ನಿಜವಾದ ಅಕ್ಕಾನೇ. ಈಗಲೂ ಬಸ್‌ಸ್ಟ್ಯಾಂಡ್ ಎದುರಿನ ಕನ್ನಡಕದ ಅಂಗಡೀಲಿ ಇದಾಳೆ." ಮರುದಿನದಿಂದಲೇ ಜನ ಬಂದರು. ಕನ್ನಡಕ ಬೇಕಿಲ್ಲದವರು, ಪುಸ್ತಕ ಬಗಲಲ್ಲಿಟ್ಟುಕೊಂಡವರು. ಇಬ್ಬರು ಕಾಲೇಜು ಹುಡುಗಿಯರು, "ಆಂಟಿ, ಒಂದ್ಸಲ ಬಾಗಿಲು ಹಾಕಿ, ಫೋಟೋ ತಗೋತೀವಿ" ಅಂದರು. ಅಂಗಡಿ ಯಜಮಾನರು, "ಹಾಕಮ್ಮಾ" ಅಂದರು. ಹಾಕಿದೆ. ಒಬ್ಬ ಮೇಷ್ಟ್ರು ಮಾತ್ರ ನಾನು ಫ್ರೇಮು ಏರಿಸಲು ಹೋದಾಗ ಮುಖ ಹಿಂದೆ ಸರಿಸಿ, "ಬೇರೆ ಯಾರಾದ್ರೂ ಇದ್ದರೆ ಕಳಿಸಿ" ಅಂದರು. ಮೂವತ್ತೆಂಟು ವರ್ಷದಲ್ಲಿ ಎಷ್ಟು ಕಿವಿಗಳ ಹಿಂದೆ ಕನ್ನಡಕದ ಕಡ್ಡಿ ಕೂರಿಸಿದ ಕೈ ಇದು. ಈಗ ನಾನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತೇನೆ, ಗಿರಾಕಿಗಳ ಕಣ್ಣಿಗೆ ಬೀಳುವುದಿಲ್ಲ.

ಫೋನು ಮಾಡಿ ಹೇಳಿಕೊಂಡೆ. ನೀನು ಏನಂದೆ? "ಅಯ್ಯೋ ಅಕ್ಕಾ, ಅದು ಬರೀ ಕಥೆ. ಓದೋರು ಹಾಗೇ. ನಿನಗೇನು ಬಿಡು, ಫೇಮಸ್ ಆದೆಯಲ್ಲ!"

ಅದಾದ ಮೇಲೆ ಒಂದು ಭಾನುವಾರ ನೀನೇ ಬಂದೆ. ಕಿಟಕಿ ಹತ್ತಿರ ಕೂರಿಸಿ, "ನಿನ್ನ ಚಿತ್ರ ಬರೀತೀನಿ ಅಕ್ಕಾ, ಅಲ್ಲಾಡಬೇಡ" ಅಂದೆ. ತಪ್ಪು ಅರಿವಾಗಿ ಬಂದಿದ್ದಾನೆ ಅಂದುಕೊಂಡೆ. ಒಳಗೆ ಹೋಗಿ ತಲೆ ಬಾಚಿಕೊಂಡು ಬಂದೆ. ಎರಡು ಗಂಟೆ ಕೂತೆ, ಕತ್ತು ನೋಯುತ್ತಿದ್ದರೂ ಹೇಳಲಿಲ್ಲ. ನನ್ನ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ, ತಮ್ಮಾ. ನೀನು ಹೋದ ಮೇಲೆ ಆ ವಾರವೆಲ್ಲ ಸುಮ್ಮಸುಮ್ಮನೆ ಖುಷಿಯಾಗಿದ್ದೆ.

ಈಗ ಲಕೋಟೆ ಒಡೆದರೆ, ಹೊಸ ಆವೃತ್ತಿಗೆ ನೀನು ಸೇರಿಸುತ್ತಿರುವ ನಾಲ್ಕು ಪುಟ. ಓದುಗರ ಬಹುಕಾಲದ ಬೇಡಿಕೆಯಂತೆ. ಮುದುಕಿಯಾದ ಅಕ್ಕ ನಾಯಕನ ಕಾಲ ಬಳಿ ಮಂಡಿಯೂರಿ ಕ್ಷಮೆ ಬೇಡುತ್ತಾಳೆ. ಅವನು ಕ್ಷಮಿಸಿ ಹಾರಿಹೋಗುತ್ತಾನೆ. ಅವಳ ಹುಬ್ಬಿನ ಮೇಲೆ ನನ್ನ ಮಚ್ಚೆ ಇದೆ. ಕೆನ್ನೆಯ ಗೆರೆಗಳೂ ನನ್ನವು. ಬಾಚಿದ ತಲೆಯನ್ನು ಮಾತ್ರ ಕೆದರಿದ್ದೀಯ.

ಇದು ನನ್ನ ಉತ್ತರ. ಪುಟಗಳನ್ನು ಇದರ ಜೊತೆಯಲ್ಲೇ ವಾಪಸು ಕಳಿಸಿದ್ದೇನೆ. ಮಂಡಿಯೂರಿದ ಅಕ್ಕ ನಿನ್ನ ಓದುಗರಿಗೆ ಬೇಕಿದ್ದರೆ ಇರಲಿ, ಕಥೆ ನಿನ್ನದು. ಆ ಮುಖವನ್ನು ಅಳಿಸು. ಅವತ್ತು ನಾನು ಕೂತದ್ದು ನಿನ್ನ ಮುಂದೆ, ಅವರ ಮುಂದಲ್ಲ. ಅಳಿಸಿದರೆ ಒಂದು ಮಾತು ತಿಳಿಸು. ಅಳಿಸದಿದ್ದರೆ ಏನನ್ನೂ ತಿಳಿಸಬೇಡ, ನನಗೆ ಅರ್ಥವಾಗುತ್ತದೆ.

ಚಳಿ ಶುರುವಾಗಿದೆ, ನಿನ್ನ ಎದೆ ಮೊದಲೇ ಸೂಕ್ಷ್ಮ, ಜೋಪಾನ. ಎಲ್ಲಿದ್ದರೂ ಸುಖವಾಗಿರು, ನೂರು ವರ್ಷ ಬಾಳು. ಇದನ್ನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೆ ನಿಜವಾಗಿಯೂ ಹೇಳುತ್ತಿದ್ದೇನೆ.

ನಿನ್ನ ಒಬ್ಬಳೇ ಅಕ್ಕ