ಕಂಬದ ನಿದ್ದೆ

ಸೆಪ್ಟೆಂಬರ್ 2, ಬೆಳಿಗ್ಗೆ

ಎದ್ದಾಗ ಮಾಸ್ಕ್ ಮತ್ತೆ ನೆಲದ ಮೇಲೆ. ಯಾವಾಗ ಕಿತ್ತು ಬಿಸಾಡಿದೆನೋ ಗೊತ್ತಿಲ್ಲ. ಗೊರಕೆಗೆಂದು ಡಾಕ್ಟರ್ ಕೊಟ್ಟ ಗಾಳಿ ಮಷಿನ್ ಪಾಪ, ಮಂಚದ ಕಾಲಿಗೆ ಗಾಳಿ ಊದುತ್ತಾ ಕೂತಿತ್ತು. ಸ್ಕ್ರೀನಿನಲ್ಲಿ ಕೆಂಪು ಗೊಂಬೆ, ಮೂತಿ ಸೊಟ್ಟ ಮಾಡಿಕೊಂಡು. ಮುಖ ತೊಳೆಯುವ ಮೊದಲೇ ಬೈಸಿಕೊಂಡಂತಾಯಿತು.

ಕೆನ್ನೆಯ ಮೇಲೆ ಪಟ್ಟಿಯ ಗುರುತು. ಬಾಯಿ ಒಣಗಿ ಮರದ ಹೊಟ್ಟು. ತಲೆ ಭಾರ. ಮಷಿನ್ ಬರುವ ಮೊದಲೂ ಹೀಗೇ ಇತ್ತು — ಮತ್ತೇನು ಯೂಸು?

ನನ್ನದೇ ಕ್ಲಾಸಿನ ರೂಮ್‌ಮೇಟ್ ಬ್ರಷ್ ಕಚ್ಚಿಕೊಂಡೇ ಕೇಳಿದಳು, "ನಿನ್ನೆ ನಿನ್ನ ಆನೆ ರಾತ್ರಿಯೆಲ್ಲ ನೆಲಕ್ಕೇ ಊದ್ತಲ್ಲೇ?" ಸೊಂಡಿಲಿನಂಥ ಪೈಪ್ ಇದೆಯೆಂದು ಮಷಿನ್ನಿಗೆ ಅವಳಿಟ್ಟ ಹೆಸರು ಆನೆ. ಅವಳಿಗೆ ಹಾಸ್ಟೆಲ್ಲಿಟ್ಟ ಹೆಸರು ಗುಂಡುಪಿನ್. ಗಿಡ್ಡ, ಚೂಪು.

"ಶಬ್ದ ಆಯ್ತಾ? ಸಾರಿ ಕಣೇ."

"ನಿನ್ನ ಗೊರಕೆಗಿಂತ ವಾಸಿ ಬಿಡು. ಅದು ಲಾರಿ. ಇದು ಬರೀ ಫ್ಯಾನು."

ನಕ್ಕೆ. ಹುಡುಗಿ, ಅದೂ ಕಡ್ಡಿಯಂಥವಳು, ಲಾರಿಯ ಹಾಗೆ ಗೊರಕೆ. ನಗದೆ ಏನು ಮಾಡುವುದು.

ಸೆಪ್ಟೆಂಬರ್ 3, ಸಂಜೆ

ಇವತ್ತೂ ಸರ್ವೇ ಪ್ರಾಕ್ಟಿಕಲ್‌ನಲ್ಲಿ ನನ್ನನ್ನು ಗ್ರೌಂಡಿಗೆ ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತು ಉಳಿದವರ ರೀಡಿಂಗ್ ಬರೆದುಕೊಂಡೆ.

ಹೋದ ತಿಂಗಳು ಅಳತೆ ಕೋಲು ಹಿಡಿದು ನಿಂತವಳು ನಿಂತಲ್ಲೇ ನಿದ್ದೆ ಹೋದೆ. ಕೋಲು ಓಲಾಡಿತು. ಆ ಕಡೆ ಲೆನ್ಸಿನಲ್ಲಿ ನೋಡುತ್ತಿದ್ದ ಸರ್ವೇ ಸರ್ ಕೂಗಿದರು, "ಕಂಬಕ್ಕೇ ನಿದ್ದೆ ಬಂತಲ್ರೋ!" ಅವತ್ತಿನಿಂದ ಕ್ಲಾಸಿಗೆಲ್ಲ ನಾನು ಕಂಬ. ನಗು ಮುಗಿದ ಮೇಲೆ ಸರ್ ಹತ್ತಿರ ಕರೆದು ಮೆತ್ತಗೆ ಹೇಳಿದರು, "ಸರ್ವೇ ಕ್ಯಾಂಪಲ್ಲಿ ರಸ್ತೆ ಪಕ್ಕ ನಿಲ್ಬೇಕಮ್ಮ. ಲಾರಿ ಓಡಾಡ್ತವೆ. ಡಾಕ್ಟರ್ ಚೀಟಿ ತಂದ್ರೆ ಕರ್ಕೊಂಡು ಹೋಗ್ತೀನಿ, ಇಲ್ಲಾಂದ್ರೆ ಇಲ್ಲ."

ಕ್ಯಾಂಪ್ ಇಲ್ಲದಿದ್ದರೆ ವರ್ಷ ಹೋದಂತೆ. ಡಾಕ್ಟರ್ ಚೀಟಿ ಬೇಕಾದರೆ ಮಷಿನ್ ಹಾಕಿಕೊಂಡು ಮಲಗಬೇಕು. ಎಷ್ಟು ಹೊತ್ತು ಹಾಕಿಕೊಂಡೆ ಅನ್ನುವುದನ್ನು ಅದೇ ಲೆಕ್ಕ ಇಟ್ಟು ಅವರಿಗೆ ಕಳಿಸುತ್ತದೆ. ಚಾಡಿಕೋರ ಆನೆ.

ಡಾಕ್ಟರ್ ಹೇಳಿದ್ದು: ದವಡೆ ಚಿಕ್ಕದು, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೈ ಬೆಚ್ಚಿ ಎಬ್ಬಿಸುತ್ತದೆ. ರಾತ್ರಿಯಿಡೀ. "ನೀನು ಮಲಗ್ತೀಯ, ಆದ್ರೆ ನಿದ್ದೆ ಮಾಡಲ್ಲ," ಅಂದರು.

ಸೆಪ್ಟೆಂಬರ್ 5

ಮನೆಯಿಂದ ವಿಡಿಯೋ ಕಾಲ್. ಮಾಸ್ಕ್ ಹಾಕಿ ತೋರಿಸು ಅಂದರು. ತೋರಿಸಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ, ಏನೇ ಇದು ಸೊಂಡಿಲು! ನಿಮ್ಮಜ್ಜನೂ ಗೊರಕೆ ಹೊಡೀತಿದ್ರು, ತೊಂಬತ್ತು ವರ್ಷ ಬದುಕ್ಲಿಲ್ವಾ?"

"ಅಜ್ಜ ಕೂತಲ್ಲೇ ತೂಕಡಿಸ್ತಿದ್ರು ಅಮ್ಮ. ಅವರಿಗೆ ಪರೀಕ್ಷೆ ಇರ್ಲಿಲ್ಲ."

ಅಪ್ಪ ಹಿಂದಿನಿಂದ, "ಮೊದಮೊದಲು ಹಾಗೇ ಇರುತ್ತೆ ಪುಟ್ಟ. ಅಡ್ಜಸ್ಟ್ ಮಾಡ್ಕೋ."

ಐದನೇ ಕ್ಲಾಸಿನಲ್ಲಿ ಹಾಸ್ಟೆಲ್ ಗೇಟಿನ ಹತ್ತಿರ ಟ್ರಂಕ್ ಇಳಿಸಿದಾಗಲೂ ಇದೇ ಮಾತು. ಮಾಡಿಕೊಂಡೆ. ತಣ್ಣೀರಿಗೆ, ಬೆಲ್ಲಿಗೆ, ಕಿಟಕಿ ಮುಚ್ಚದ ಮೂಲೆಯ ಮಂಚಕ್ಕೆ. ನಲವತ್ತು ಹುಡುಗಿಯರ ಡಾರ್ಮಿಟರಿಯಲ್ಲಿ ಗೊರಕೆ ಕೇಳಬಾರದೆಂದು ಬೋರಲು ಮಲಗುವುದಕ್ಕೂ. ಅಡ್ಜಸ್ಟ್‌ನಲ್ಲಿ ನಾನು ಡಿಸ್ಟಿಂಕ್ಷನ್.

ಒಂದು ಮಷಿನ್ನಿಗೆ ಆಗುತ್ತಿಲ್ಲ ಅಂದರೆ?

ಸೆಪ್ಟೆಂಬರ್ 6, ಮಧ್ಯಾಹ್ನ, ಲೈಬ್ರರಿ

ರಾತ್ರಿ ಮೂರು ಸಲ ಹಾಕಿಕೊಂಡೆ, ಮೂರು ಸಲ ಕಿತ್ತೆ. ಹಾಕಿಕೊಂಡ ಕೂಡಲೇ ಎದೆ ಡವಡವ. ಯಾರೋ ಮುಖಕ್ಕೆ ದಿಂಬು ಒತ್ತಿದ ಹಾಗೆ. ನನ್ನ ಟೆನ್ಷನ್ನೇ ಇರಬೇಕು. ಟೆನ್ಷನ್ ಪಾರ್ಟಿ ನಾನು, ಎಲ್ಲರಿಗೂ ಗೊತ್ತಿರುವುದೇ. ಲೆವೆಲಿಂಗ್ ಚಾಪ್ಟರ್ ಎರಡನೇ ಸಲ ಓದುತ್ತಿದ್ದೇನೆ, ಮೊದಲ ಸಾಲೇ ತಲೆಗೆ ಹೋಗುತ್ತಿ

ಸಂಜೆ — ಮೇಲಿನ ಸಾಲಿನಿಂದ ಪುಟದ ತುದಿಯವರೆಗೆ ಗೀಟು ಎಳೆದಿದ್ದು ನನ್ನದೇ ಪೆನ್ನು. ಲೈಬ್ರರಿಯವರು ಮೇಜು ತಟ್ಟಿ ಎಬ್ಬಿಸಿದರು. ಪುಸ್ತಕದ ಮೇಲೆ ಜೊಲ್ಲು.

ಸೆಪ್ಟೆಂಬರ್ 11

ಐದು ದಿನ ಏನೂ ಬರೆದಿಲ್ಲ. ಮಾಸ್ಕ್ ಹಾಕಿಯೂ ಇಲ್ಲ. ಆನೆಯನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದೆ.

ಇವತ್ತು ಕ್ಲಿನಿಕ್‌ನಿಂದ ಫೋನ್. ಮಾಸ್ಕ್ ಮೇಡಂ — ಮಷಿನ್ ಸೆಟ್ ಮಾಡಿಕೊಟ್ಟವರು. "ರಿಪೋರ್ಟ್ ಖಾಲಿ ಬರ್ತಿದೆಯಲ್ಲಮ್ಮ. ಸೋಮವಾರಕ್ಕೆ ಟ್ರಯಲ್ ಮುಗಿಯುತ್ತೆ. ಹೀಗಾದ್ರೆ ಮಷಿನ್ ವಾಪಸ್, ಚೀಟಿನೂ ಇಲ್ಲ. ಏನು ತೊಂದ್ರೆ?"

"ಏನಿಲ್ಲ ಮೇಡಂ. ನಾನೇ ಅಡ್ಜಸ್ಟ್ ಮಾಡ್ಕೊಳ್ತೀನಿ."

ಆ ಕಡೆಯಿಂದ ಗುಡುಗು. "ಏನು ಮಾಡ್ಕೊಳ್ತೀರಾ? ಸೆಟ್ಟಿಂಗ್ ಮುಟ್ಟಿದ್ರಾ? ನಾಳೆ ಬೆಳಿಗ್ಗೆ ಮಷಿನ್ ಸಮೇತ ಬನ್ನಿ!"

ನಾನೇನು ಮುಟ್ಟಿದೆ?

ಸೆಪ್ಟೆಂಬರ್ 12, ಮಧ್ಯಾಹ್ನ

ಗುಂಡುಪಿನ್ ಜೊತೆಗೆ ಬಂದಳು. ಬೇಡ ಅಂದಿದ್ದೆ. "ನಿನ್ನ ಆನೆ ಹೊರೋಕೆ ಮಾವುತ ಬೇಡ್ವಾ?" ಅಂತ ಬ್ಯಾಗ್ ಕಸಿದುಕೊಂಡಳು.

ಮೇಡಂ ಕನ್ನಡಕ ಏರಿಸಿ, "ಯಾವ ಬಟನ್ ಒತ್ತಿದ್ರಿ?"

"ಯಾವ್ದೂ ಇಲ್ಲ ಮೇಡಂ."

"ಅಡ್ಜಸ್ಟ್ ಮಾಡ್ಕೊಳ್ತೀನಿ ಅಂದ್ರಲ್ಲ? ನೆಟ್ಟಲ್ಲಿ ನೋಡ್ಕೊಂಡು ಮಾಡೋರನ್ನ ನೋಡಿ ನೋಡಿ ಸಾಕಾಗಿದೆ ನಂಗೆ."

"ಅಯ್ಯೋ, ಮಷಿನ್ನ ಅಲ್ಲ ಮೇಡಂ. ನಾನು... ನನ್ನನ್ನ."

ಮೇಡಂ ನನ್ನನ್ನೇ ನೋಡಿದರು. "ನಿಮ್ಮನ್ನ ಹೇಗ್ರೀ ಅಡ್ಜಸ್ಟ್ ಮಾಡೋದು? ಎಲ್ಲಿದೆ ಬಟನ್ನು?"

ಗುಂಡುಪಿನ್ ಕಿಸಕ್ಕೆಂದಳು. ನನಗೆ ಕಿವಿಯೆಲ್ಲ ಬಿಸಿ.

ಅಲ್ಲೇ ಬೆಂಚಿನ ಮೇಲೆ ಮಲಗಿಸಿ ಮಾಸ್ಕ್ ಹಾಕಿದರು. "ಹೇಗನ್ಸುತ್ತೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ನಾನೇನು ತಿಳ್ಕೊಳ್ಲಿ? ಗಾಳಿ ಸಾಲುತ್ತೋ ಇಲ್ವೋ, ಅಷ್ಟು ಹೇಳಿ."

"...ಸಾಲಲ್ಲ."

"ಯಾವತ್ತಿಂದ?"

"ಮೊದಲ್ನೇ ದಿನದಿಂದ."

ಎದುರಿನ ಕುರ್ಚಿಯಲ್ಲಿ ಗುಂಡುಪಿನ್ ನಗು ನಿಲ್ಲಿಸಿದಳು. ಮೇಡಂ ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಡಾಕ್ಟರ್ ರೂಮಿಗೆ ಹೋಗಿ ಕೇಳಿಕೊಂಡು ಬಂದರು. ಶುರುವಿನ ಗಾಳಿಯ ಒತ್ತಡ ನಾಲ್ಕಕ್ಕಿತ್ತಂತೆ. ನಿಧಾನಕ್ಕೆ ಏರುತ್ತಂತೆ, ಮಲಗಿದವರಿಗೆ ಹಿತವಾಗಲಿ ಅಂತ. ಕೆಲವರಿಗೆ ಅದೇ ಉಸಿರುಗಟ್ಟಿಸುತ್ತಂತೆ. ಏರುವ ಮೊದಲೇ ನಾನು ಕಿತ್ತು ಹಾಕುತ್ತಿದ್ದೆ. ಟೆನ್ಷನ್ ಅಲ್ಲ. ನಿಜವಾಗಿಯೂ ಸಾಲುತ್ತಿರಲಿಲ್ಲ!

ಐದು ಮಾಡಿದರು. "ಈಗ?"

"ಇನ್ನೂ ಸ್ವಲ್ಪ."

ಆರು. "ಈಗ?"

"ಇನ್ನೂ... ಸ್ವಲ್ಪ."

ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ತಟ್ಟೆ ಚಾಚಿ ಹೇಳದ ಮಾತು. ಏಳಕ್ಕೆ ಎದೆ ತನ್ನಷ್ಟಕ್ಕೆ ತುಂಬಿತು. ಏನೂ ಹೇಳಬೇಕಾಗಲಿಲ್ಲ. ಮೇಡಂಗೇ ಗೊತ್ತಾಯಿತು.

ದೊಡ್ಡ ಮಾಸ್ಕ್ ವಾಪಸ್. ಮೂಗಿಗಷ್ಟೇ ಸಾಕಾಗುವ ಚಿಕ್ಕದು ಕೊಟ್ಟರು. ನನ್ನ ದವಡೆಗೆ ದೊಡ್ಡದು ನಿಲ್ಲುತ್ತಿರಲಿಲ್ಲವಂತೆ, ಪಕ್ಕದಿಂದ ಸೋರುತ್ತಿತ್ತಂತೆ. ಟ್ರಯಲ್ ಇನ್ನೊಂದು ವಾರ ಮುಂದಕ್ಕೆ. ಹೊರಡುವಾಗ, "ಏನಾದ್ರೂ ಆದ್ರೆ ಫೋನ್ ಮಾಡಿ. ಅಡ್ಜಸ್ಟ್ ಮಾಡ್ಕೋಬೇಡಿ!"

ಹಾಸ್ಟೆಲ್ ಮೆಟ್ಟಿಲು ಹತ್ತಿ ರೂಮಿನ ಬಾಗಿಲಿಗೆ ಬಂದಾಗ ಗುಂಡುಪಿನ್ ಅಂದಳು, "ದಿನಾ ರಾತ್ರಿ ನಾನು ಒಂದು ಗಂಟೆವರೆಗೆ ಲೈಟ್ ಹಾಕ್ಕೊಂಡು ಓದ್ತೀನಲ್ಲ. ನಿಂಗೆ ತೊಂದ್ರೆ ಆಗಲ್ವಾ ಅಂತ ಕೇಳಿದ್ರೆ, ಪರವಾಗಿಲ್ಲ ಅಂತಿದ್ದೆ. ಅದೂ ಸುಳ್ಳೇನೇ?"

ಬೀಗ ತೆಗೆಯುವ ನೆಪದಲ್ಲಿ ಬಾಗಿಲ ಕಡೆ ತಿರುಗಿದೆ.

ಸೆಪ್ಟೆಂಬರ್ 14

ಎದ್ದಾಗ ಮಾಸ್ಕ್ ಮುಖದ ಮೇಲೇ ಇತ್ತು! ಗೊಂಬೆ ಹಸಿರು. ಕನಸೊಂದು ಬಿದ್ದಿತ್ತು, ಪೂರ್ತಿ, ಕೊನೆವರೆಗೆ. ಕನಸಿಗೆ ಕೊನೆ ಇರುತ್ತದೆಂಬುದೇ ಮರೆತುಹೋಗಿತ್ತು.

ಸುಸ್ತು ಇನ್ನೂ ಇದೆ. ವರ್ಷಗಳ ಸಾಲ, ಒಂದೆರಡು ರಾತ್ರಿಗೆ ತೀರುತ್ತದಾ.

ಸೆಪ್ಟೆಂಬರ್ 22, ರಾತ್ರಿ

ಚೀಟಿ ಸಿಕ್ಕಿತು. ಸರ್ವೇ ಸರ್ ಎರಡು ಸಲ ಓದಿದರು. "ಕಂಬ ಗಟ್ಟಿಯಾಯ್ತಾ?" ಅಂದು ಪಟ್ಟಿಯಲ್ಲಿ ಹೆಸರು ಸೇರಿಸಿದರು. ಆಮೇಲೆ ಇಡೀ ಕ್ಲಾಸಿಗೆ, "ಕ್ಯಾಂಪಲ್ಲಿ ಹುಡುಗೀರಿಗೆ ಮಲಗೋಕೆ ಒಂದೇ ಹಾಲ್. ಮಂಚ ಯಾರಿಗೆ ಯಾವ್ದಾದ್ರೂ ಆಗುತ್ತಲ್ವಾ?"

ಎಲ್ಲರೂ ಆಗುತ್ತೆ ಅಂದರು. ನನ್ನ ಬಾಯಿಗೂ ಬಂದಿತ್ತು, ಪರವಾಗಿಲ್ಲ ಸರ್, ಅಂತ. ನಾಲಿಗೆ ತುದಿಯಲ್ಲಿ. ಗುಂಡುಪಿನ್ ಬೆಂಚಿನ ಕೆಳಗೆ ಕಾಲು ತುಳಿದಳು.

"ನನಗೆ ಪ್ಲಗ್ ಪಕ್ಕದ ಮಂಚ ಬೇಕು ಸರ್. ಮಷಿನ್ ಇದೆ."

ಹಿಂದಿನಿಂದ ಯಾರೋ "ಲೈಟ್ ಕಂಬ!" ಅಂದರು. ನಗು. ನಾನೂ ನಕ್ಕೆ. ಸರ್ ಬರೆದುಕೊಂಡರು, ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಈಗ ಮಾಸ್ಕ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಆಕಳಿಕೆ. ಗುಂಡುಪಿನ್ ಪುಸ್ತಕ ಹಿಡಿದು ಸ್ವಿಚ್ ಹತ್ತಿರ ನಿಂತಿದ್ದಾಳೆ. "ಲೇ, ನಿಜ ಹೇಳು. ಇರ್ಲಾ, ಆರಿಸ್ಲಾ? ನಾನು ರೀಡಿಂಗ್ ರೂಮಿಗೆ ಹೋಗ್ತೀನಿ ಬೇಕಾದ್ರೆ."

ಆರಿಸು ಅಂದೆ. ತಕ್ಷಣ ಕೆಟ್ಟದೆನಿಸಿತು, ಇನ್ನೊಂದು ಅರ್ಧ ಗಂಟೆ ಪರವಾಗಿಲ್ಲ ಅನ್ನೋಣ ಅಂತ ತಲೆ ಎತ್ತಿದರೆ ಅವಳ ಬೆರಳು ಆಗಲೇ ಸ್ವಿಚ್ಚಿನ ಮೇ